ಪಾತ್ರೆ ವ್ಯಾಪಾರಿಯ ಮೊದಲ ಪಾಲು

"ತಪ್ಪು ನನ್ನದಲ್ಲ. ಆದರೂ ನಷ್ಟದಲ್ಲಿ ಒಂದು ಪಾಲು ನನ್ನ ತಲೆಗೇ ಬಂತು. ಅದನ್ನು ನಾನು ವಾಪಸು ಪಡೆಯುವುದು ಹೇಗೆ?"

ಗುರುಗಳನ್ನು ಹೀಗೆ ಕೇಳಿದವನು ಮುರಿಗೆಪ್ಪ. ಅವನು ಮಠದ ಶಿಷ್ಯ, ಊರಿನಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡವನು. ಹಿಂದಿನ ತಿಂಗಳು ಹಾಲಿನ ವ್ಯಾನಿನವನೊಬ್ಬ ಅವನ ಕಾರಿಗೆ ಗುದ್ದಿದ್ದ. ರಿಪೇರಿಯ ಹಣವನ್ನು ವಿಮಾ ಕಂಪನಿ ಕೊಟ್ಟಿತು, ಮೊದಲ ಪಾಲನ್ನು ಮಾತ್ರ ಹಿಡಿದುಕೊಂಡಿತು. ತಪ್ಪು ಯಾರದಾದರೂ ಖರ್ಚಿನಲ್ಲಿ ಮೊದಲ ಇಷ್ಟು ರೂಪಾಯಿ ಕಾರಿನ ಒಡೆಯನದೇ ಎಂಬುದು ಅವರ ನಿಯಮ. ಮುರಿಗೆಪ್ಪ ಆಫೀಸಿನಿಂದ ಆಫೀಸಿಗೆ ಅಲೆದು ಸೋತಿದ್ದ. "ತಾವು ಒಂದು ಫೋನು ಮಾಡಿದರೆ ಸಾಕು, ವಿಮಾ ಆಫೀಸಿನ ಸಾಹೇಬರು ಇಲ್ಲವೆನ್ನುವುದಿಲ್ಲ" ಎಂದು ಕೈಮುಗಿದ.

ಗುರುಗಳಿಗೂ ಆಯಾಸವಾಗಿತ್ತು. ಬೆಳಗಿನಿಂದ ಬಂದವರೆಲ್ಲ ಯಾರಿಂದಲೋ ಏನನ್ನೋ ವಸೂಲಿ ಮಾಡಿಸಿಕೊಡಿ ಎಂದೇ ಬಂದಿದ್ದರು. "ದೇವರ ವಿಚಾರ ಕೇಳಲು ಇವತ್ತು ಯಾರೂ ಬರಲಿಲ್ಲವಪ್ಪ" ಎಂದು ನಕ್ಕರು. "ಫೋನು ಆಮೇಲೆ ಮಾಡೋಣ, ಕೂತುಕೋ" ಎಂದು ಈ ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಅವನೊಂದು ಕಾರು ಕೊಂಡಿದ್ದ. ಒಂದು ದಿನ ರೈಲ್ವೆ ಗೇಟು ಹಾಕಿತ್ತು. ಅವಸರದವರೆಲ್ಲ ವಾಡಿಕೆಯಂತೆ ರಸ್ತೆಯ ಬಲಕ್ಕೆ ನುಗ್ಗಿ ನಿಂತರು. ವ್ಯಾಪಾರಿ ಮಾತ್ರ ತನ್ನ ಎಡಗಡೆಯಲ್ಲೇ ಕಾರು ನಿಲ್ಲಿಸಿಕೊಂಡು ಕಾದ. ಹಿಂದಿನಿಂದ ಒಬ್ಬ ಬಡಗಿಯ ಟೆಂಪೊ ಬಂದು ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ. ಕಾರಿನ ಹಿಂಭಾಗ ಮಾತ್ರ ಒಳಕ್ಕೆ ಹೋಯಿತು.

ಜನ ಕೂಡಿದರು. ಇಂಥ ಕಡೆ ನಮ್ಮವರ ನ್ಯಾಯ ನಿನಗೆ ಗೊತ್ತೇ ಇದೆ. ಯಾರ ದನಿ ದೊಡ್ಡದೋ ಅವನು ಗೆಲ್ಲುತ್ತಾನೆ. ವ್ಯಾಪಾರಿಯೂ ಕೂಗಾಡಲು ಸಿದ್ಧನಾಗಿಯೇ ಬಾಗಿಲು ತೆಗೆದು ಇಳಿದಿದ್ದ. ಆದರೆ ಬಡಗಿ ಕೂಗಲಿಲ್ಲ. ಎಲ್ಲರ ಎದುರಿಗೆ ಹೇಳಿಬಿಟ್ಟ:

"ನಂದ ತಪ್ಪ್ರಿ ಸಾವ್ಕಾರ್ರ. ಗೇಟ್ ಎತ್ತತಾರೇನೋ ಅಂತ ಆ ಕಡೆ ನೋಡಕೋತ ಬಂದೆ, ನಿಮ್ಮ ಗಾಡಿ ಕಾಣಲೇ ಇಲ್ಲ. ರಿಪೇರಿಗೆ ಎಷ್ಟ ಆಕ್ಕೈತಿ ಹೇಳ್ರಿ, ಕೊಡ್ತೀನಿ."

ಅಂಗಿಯ ಒಳಜೇಬಿಗೆ ಕೈ ಹಾಕಿ, ಯಾರೋ ಬಾಗಿಲು ಮಾಡಿಸಲು ಕೊಟ್ಟಿದ್ದ ಮುಂಗಡದ ಹಣ ತೆಗೆದ. ವ್ಯಾಪಾರಿಯ ಸಿಟ್ಟು ಅಲ್ಲೇ ಇಳಿದುಹೋಯಿತು. ಸಿಟ್ಟು ಇಳಿದ ಮೇಲೆ ಅವನು ನಾವೆಲ್ಲ ಆಡುವ ಮಾತನ್ನೇ ಆಡಿದ.

"ಏ, ಬ್ಯಾಡ ಬಿಡ್ರಿ, ಇರಲಿ. ಇನ್ಶೂರೆನ್ಸ್ ಐತಿ."

ಮುರಿಗೆಪ್ಪ, ನೀನು ಯಾರ ಮನೆಗಾದರೂ ಹೋಗು. ಚಹಾ ಎಂದರೆ ಬೇಡ ಎನ್ನುತ್ತೀ, ಈಗಷ್ಟೇ ಆಯಿತು ಎನ್ನುತ್ತೀ. ಅವರು ಇನ್ನೊಮ್ಮೆ ಹೇಳಲಿ ಎಂದು ಕಾಯುತ್ತೀ. ಬಡಿಸುವವರು ಹೋಳಿಗೆ ತಂದಾಗ ಎಲೆಗೆ ಕೈ ಅಡ್ಡ ಹಿಡಿಯುವುದೂ ಹೀಗೆಯೇ. ಮೊದಲ ಸಲಕ್ಕೇ ಹೂಂ ಎಂದವನನ್ನು ನಮ್ಮಲ್ಲಿ ಆಸೆಬುರುಕ ಎನ್ನುತ್ತಾರೆ. ವ್ಯಾಪಾರಿಯ ಬೇಡವೂ ಅಂಥದೇ ಬೇಡ. ಬಡಗಿ ಇನ್ನೊಮ್ಮೆ ಒತ್ತಾಯ ಮಾಡುತ್ತಾನೆ, ಆಗ ಅರ್ಧವೋ ಮುಕ್ಕಾಲೋ ತೆಗೆದುಕೊಂಡರಾಯಿತು ಎಂದು ಅವನ ಲೆಕ್ಕ.

ಬಡಗಿ ಹೆದರಿಹೋಗಿದ್ದ. ಹೆದರಿದವನಿಗೆ ಉಪಚಾರದ ಮಾತು ಎಲ್ಲಿ ಅರ್ಥವಾಗುತ್ತದೆ? ಅವನು ಆ ಬೇಡವನ್ನು ನಿಜವೆಂದೇ ತಿಳಿದ. ವ್ಯಾಪಾರಿಯ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ತನ್ನ ಹೆಸರು, ಓಣಿ, ಫೋನ್ ನಂಬರು ಎಲ್ಲ ಹೇಳಿದ. ಅಷ್ಟರಲ್ಲಿ ಗೇಟು ಎತ್ತಿದರು. ಬಡಗಿ ಮನೆಗೆ ಹೋಗಿ ಹೆಂಡತಿಗೆ, ಇಂಥವರೂ ಇದ್ದಾರೆ ನೋಡು ಎಂದನಂತೆ.

ಮುಂದಿನದು ನಿನಗೆ ಆದದ್ದೇ. ವಿಮಾ ಕಂಪನಿ ರಿಪೇರಿಯ ಹಣ ಕೊಟ್ಟಿತು, ಮೊದಲ ಪಾಲು ಹಿಡಿದುಕೊಂಡಿತು. ವ್ಯಾಪಾರಿ ಆಫೀಸಿಗೆ ಹೋಗಿ, ತಪ್ಪು ನನ್ನದಲ್ಲ ಎಂದ. ಅಲ್ಲಿ ಕೂತವನು ತಲೆಯೆತ್ತದೆ, "ನಮಗ ಯಾರ ತಪ್ಪಾದರೂ ಒಂದ. ನಿಮ್ಮ ಪಾಲು ಬೇಕಂದ್ರ ಗುದ್ದಿದವನ ಕಡೆ ಇಸಗೊಳ್ರಿ" ಎಂದ.

ಅದು ದೊಡ್ಡ ಮೊತ್ತವಲ್ಲ. ಆದರೆ ಅವನದು. ನ್ಯಾಯ ಅವನ ಕಡೆಗೇ ಇತ್ತು, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ. ಬಡಗಿಯ ಮನೆ ಪಕ್ಕದ ಓಣಿಯಲ್ಲೇ. ವ್ಯಾಪಾರಿ ಹೊರಟ, ಚಪ್ಪಲಿಯನ್ನೂ ಮೆಟ್ಟಿದ. ಆದರೆ ಅಷ್ಟು ಜನರ ಎದುರು ಬೇಡ ಎಂದು ದೊಡ್ಡವನಾದವನು ಈಗ ಹೋಗಿ ಕೊಡು ಎನ್ನುವುದು ಹೇಗೆ? ನಾಚಿಕೆಯಾಯಿತು. ಚಪ್ಪಲಿ ಬಿಟ್ಟು ಒಳಗೆ ಹೋದ. ತಾನು ಕೇಳಲಾರದ್ದನ್ನು ಕೇಳಲು ಒಬ್ಬ ವಕೀಲನನ್ನು ಹಿಡಿದ.

ವಕೀಲ ನೋಟಿಸು ಕಳಿಸಿದ. ಬಡಗಿಯ ಮನೆಗೆ ಕೋರ್ಟಿನ ಕಡೆಯ ಕಾಗದ ಎಂದೂ ಬಂದಿರಲಿಲ್ಲ. ಓದಿಸಿ ಕೇಳಿದ. ದುಡುಕು, ನಿರ್ಲಕ್ಷ್ಯ, ಮಾನಸಿಕ ಹಿಂಸೆ ಎಂದೆಲ್ಲ ಇತ್ತು. ತಾನು ಯಾರ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಿದ್ದನೋ ಅವನೇ ಇದನ್ನು ಕಳಿಸಿದ್ದು ಎಂದು ಅವನಿಗೆ ಎಷ್ಟು ಹೊತ್ತಾದರೂ ನಂಬಲಾಗಲಿಲ್ಲ. ಹೆಂಡತಿಯ ಎದುರು ತಲೆ ತಗ್ಗಿಸಿದ. ಅವನ ಟೆಂಪೊಗೂ ವಿಮೆ ಇತ್ತಲ್ಲ, ಆ ಕಂಪನಿಗೆ ಓಡಿದ. ಕಂಪನಿಯ ವಕೀಲ ಎಲ್ಲ ಕೇಳಿ ಒಂದೇ ಮಾತು ಹೇಳಿದ: "ತಪ್ಪು ನಂದು ಅಂತ ಇನ್ನ ಎಲ್ಲಿಯೂ ಬಾಯಿ ಬಿಡಬ್ಯಾಡ."

ಕೇಸು ನಡೆಯಿತು. ನಡೆಯಿತು ಎನ್ನುವುದು ಹೆಸರಿಗೆ. ಒಂದು ಸಲ ಜಡ್ಜ್ ಸಾಹೇಬರು ರಜೆ, ಒಂದು ಸಲ ವಕೀಲರ ಮನೆಯಲ್ಲಿ ಮದುವೆ. ಬಡಗಿ ಉಳಿ ಕೆಳಗಿಟ್ಟು ಬರುತ್ತಿದ್ದ, ವ್ಯಾಪಾರಿ ಅಂಗಡಿಗೆ ಬೀಗ ಹಾಕಿ ಬರುತ್ತಿದ್ದ. ಕೋರ್ಟಿನ ಕಟ್ಟೆಯ ಮೇಲೆ ಇಬ್ಬರೂ ದಿನವಿಡೀ ಕೂತು ಎದ್ದು ಹೋಗುತ್ತಿದ್ದರು. ಮೊದಮೊದಲು ಬಡಗಿ ನಮಸ್ಕಾರ ಮಾಡುತ್ತಿದ್ದ. ಬರುಬರುತ್ತ ಮುಖ ತಿರುಗಿಸಿ ಕೂರತೊಡಗಿದ. ವ್ಯಾಪಾರಿಯ ಹೆಂಡತಿ, ಸಾಕು ಬಿಡ್ರಿ ಎಂದಳು. ಇಷ್ಟು ದೂರ ಬಂದು ಬಿಡುವುದೇ ಎಂದು ಅವನು ಅವಳ ಮೇಲೆಯೇ ರೇಗಿದ. ವಕೀಲನಿಗೆ ಕೊಟ್ಟದ್ದು ಆ ಪಾಲನ್ನು ಎಂದೋ ಮೀರಿತ್ತು. ಅವನಿಗೆ ಈಗ ಬೇಕಾಗಿದ್ದದ್ದು ಹಣವಲ್ಲ. ತಪ್ಪು ನಿನ್ನದಲ್ಲ ಎಂದು ಯಾರಾದರೂ ಕುರ್ಚಿಯಲ್ಲಿ ಕೂತವರು ಹೇಳಬೇಕಿತ್ತು.

ಸಾಕ್ಷಿ ಬೇಕೆಂದರು. ಗೇಟಿನ ಹತ್ತಿರ ಕೂಡಿದ್ದ ಜನರಲ್ಲಿ ಒಬ್ಬನೂ ಬರಲಿಲ್ಲ. ಗೇಟ್ ಕಾಯುವವನನ್ನು ಕೇಳಿದರೆ, "ನಾ ರೈಲು ನೋಡವ್ರಿ, ರಸ್ತೆ ನೋಡವಲ್ಲ" ಎಂದ. ಕೊನೆಗೆ ಉಳಿದ ಸಾಕ್ಷಿ ಬಡಗಿಯೊಬ್ಬನೇ. ಅವನನ್ನು ಕಟಕಟೆಯಲ್ಲಿ ನಿಲ್ಲಿಸಿ, ಅಂದು ಏನಾಯಿತು ಎಂದು ಕೇಳಿದರು. ಅವನು ನೆಲ ನೋಡುತ್ತ, ಕಲಿಸಿದ್ದನ್ನು ಒಪ್ಪಿಸಿದ.

"ನಾ ನಿಂತಿದ್ದೆ ಸ್ವಾಮಿ. ಕಾರ ಹಿಂದಕ್ಕ ಬಂತು."

ವ್ಯಾಪಾರಿಗೆ ಸಿಟ್ಟು ಬರಲಿಲ್ಲ, ಅದಕ್ಕೂ ತ್ರಾಣವಿರಲಿಲ್ಲ.

ಆಮೇಲೆ ಒಂದು ಲೋಕ ಅದಾಲತ್ತು ಕೂಡಿತು. ಇಂಥ ಸಣ್ಣ ಕೇಸುಗಳನ್ನೆಲ್ಲ ಒಟ್ಟಿಗೆ ರಾಜಿ ಮಾಡಿಸುತ್ತಾರಲ್ಲ, ಅದು. ನ್ಯಾಯಾಧೀಶರು ಒಳ್ಳೆಯವರು. ಅವರಿಗೂ ಸುಸ್ತಾಗಿತ್ತು. "ಯಾರ ತಪ್ಪೂ ಇಲ್ಲ ಅಂತ ಬರೆದುಕೊಳ್ಳೋಣ, ಟೆಂಪೊ ಕಂಪನಿಯವರು ಇವರ ಪಾಲು ಕೊಟ್ಟುಬಿಡಲಿ" ಎಂದರು. ಎಲ್ಲರೂ ಒಪ್ಪಿದರು. ವ್ಯಾಪಾರಿಗೆ ಅವನ ಪಾಲು ಪೂರ್ತಿ ಬಂತು, ಒಂದು ಪೈಸೆಯೂ ಕಡಿಮೆಯಾಗಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಬಡಗಿ ಚಪ್ಪಲಿ ಹುಡುಕುತ್ತಿದ್ದ. ವ್ಯಾಪಾರಿ ಅವನ ಹತ್ತಿರ ಹೋದ.

"ಕೇಸ್ ಮುಗೀತು. ಇನ್ನ ಹೆದರಿಕಿ ಇಲ್ಲ. ಅವತ್ತ ಗೇಟಿನ ಹತ್ರ ಅಂದಿದ್ದಿಯಲ್ಲ, ಅದನ್ನ ಒಂದ ಸಲ ನನ್ನ ಮುಂದ ಅನ್ನಪಾ."

ಬಡಗಿ ಅವನ ಮುಖ ನೋಡಿದ. ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ. "ವಕೀಲರನ್ನ ಕೇಳ್ರಿ ಸಾವ್ಕಾರ್ರ" ಎಂದು ಹೇಳಿ ಮೆಟ್ಟಿಲು ಇಳಿದು ಹೋದ.

ಇಷ್ಟು ಹೇಳಿ ಗುರುಗಳು ಕಣ್ಣು ಮುಚ್ಚಿದರು. ಮುರಿಗೆಪ್ಪನಿಗೆ ಬಡಗಿಯ ಮೇಲೆ ಸಿಟ್ಟು ಬಂದಿತ್ತು, ವ್ಯಾಪಾರಿಯ ಮೇಲೆ ಇನ್ನೂ ಹೆಚ್ಚು ಬಂದಿತ್ತು.

"ಎಂಥ ಮನುಷ್ಯ ಆ ವ್ಯಾಪಾರಿ! ಬಡಗಿಯ ಮನೆ ಪಕ್ಕದ ಓಣಿಯಲ್ಲೇ ಇತ್ತು. ನಾಚಿಕೆ ನುಂಗಿಕೊಂಡು ಒಂದೇ ಒಂದು ಸಲ ಹೋಗಿ, ಇಷ್ಟು ನನ್ನ ಮೈಮೇಲೆ ಬಂದಿದೆ ಕೊಡಪ್ಪ ಅಂದಿದ್ದರೆ ಅವನು ಇಲ್ಲ ಅನ್ನುತ್ತಿದ್ದನೇ ಗುರುಗಳೇ?"

ಗುರುಗಳು ಕಣ್ಣು ತೆರೆದರು.

"ಹಾಲಿನ ವ್ಯಾನಿನವನ ಮನೆ ಎಲ್ಲಿದೆ, ಮುರಿಗೆಪ್ಪ?"