ಹಪ್ಪಳ ಹೊತ್ತ ಸೋಲಾರ್ ಫಲಕ

ತಾರಸಿಯಲ್ಲಿ ಸೋಲಾರ್ ಫಲಕ, ಮೆಟ್ಟಿಲ ಕೆಳಗೆ ಬ್ಯಾಟರಿ ಇಲ್ಲದ ಹೊಸ ಮನೆಗೆ ಆ ಊರಿನಲ್ಲಿ ಪರವಾನಗಿ ಸಿಗುತ್ತಿರಲಿಲ್ಲ. ಫ್ಲೋರಿನ್ ಬಾಯಮ್ಮ ಎರಡನ್ನೂ ಹಾಕಿಸಿಯೇ ಒಕ್ಕಲಾದರು. ಮರುದಿನ ಬೆಳಗ್ಗೆ, ಇಷ್ಟು ಒಳ್ಳೆಯ ಬಿಸಿಲು ಬೇರೆಲ್ಲೂ ಬೀಳುವುದಿಲ್ಲವೆಂದು, ಫಲಕದ ತುಂಬ ಹಲಸಿನ ಹಪ್ಪಳ ಹರಡಿದರು. ಫಲಕ ಹೆಮ್ಮೆಯಿಂದ ಬೀಗಿತು.

"ಅಣ್ಣಾ, ನನ್ನ ಹೊಟ್ಟೆ ಖಾಲಿ," ಎಂದು ಕೆಳಗಿನಿಂದ ಬ್ಯಾಟರಿ ಕೂಗಿತು. "ಸಂಜೆ ಕರೆಂಟು ಹೋದರೆ ಮನೆಯವರಿಗೆ ಏನು ಬಡಿಸಲಿ?"

"ನಾವು ಇರಬೇಕೆಂದು ನಿಯಮ. ಇದ್ದೇವಲ್ಲ! ಹಪ್ಪಳ ಹೊರಬಾರದೆಂದು ಅದರಲ್ಲಿ ಬರೆದಿದೆಯೇ?" ಎಂದಿತು ಫಲಕ.

ಅಷ್ಟರಲ್ಲಿ ಕಾಗೆಯೊಂದು ಬಂದು ಹಪ್ಪಳಕ್ಕೆ ಕೊಕ್ಕು ಹಾಕಿತು.

"ಕಳ್ಳಾ, ತೊಲಗು! ಇದು ಬಾಯಮ್ಮ ನನ್ನನ್ನು ನಂಬಿ ಒಪ್ಪಿಸಿದ ಸೊತ್ತು."

"ಕಳ್ಳನೇ ಸರಿ," ಎಂದಿತು ಕಾಗೆ. "ಆದರೆ ನಾನು ತಿಂದಷ್ಟು ಜಾಗಕ್ಕಾದರೂ ಬಿಸಿಲು ತಾಗುತ್ತದೆ. ನಿನ್ನ ತಮ್ಮನ ಹೊಟ್ಟೆಗೂ ಏನಾದರೂ ಬೀಳುತ್ತದೆ."

ಬಾಯಮ್ಮ ಕೋಲು ಹಿಡಿದು ಬಂದು ಕಾಗೆಯನ್ನು ಓಡಿಸಿದ ಮೇಲೆಯೇ ಫಲಕಕ್ಕೆ ಸಮಾಧಾನ.

ಸಂಜೆ ಮನೆಯವರು ಪ್ರಾರ್ಥನೆಗೆ ಕೂತಾಗ ಕರೆಂಟು ಹೋಯಿತು. ಬ್ಯಾಟರಿಗೆ ಒಂದು ಬಲ್ಬನ್ನೂ ಬೆಳಗಿಸಲಾಗಲಿಲ್ಲ. ಬಾಯಮ್ಮ ಕತ್ತಲೆಯಲ್ಲಿ ಬೆಂಕಿಪೆಟ್ಟಿಗೆ ತಡಕುತ್ತಾ, "ದಂಡಪಿಂಡ ಫಲಕ! ನಿಯಮವೊಂದು ಇಲ್ಲದಿದ್ದರೆ ನಾಳೆಯೇ ಕಿತ್ತು ಬಿಸಾಡಿಸುತ್ತಿದ್ದೆ," ಎಂದರು. ತಾರಸಿಯಲ್ಲಿದ್ದ ಫಲಕಕ್ಕೆ ಅದು ಸ್ಪಷ್ಟವಾಗಿ ಕೇಳಿಸಿತು.

ಮರುದಿನ ಬಾಯಮ್ಮ ಮತ್ತೆ ಹಪ್ಪಳ ಹರಡಿ ಕೆಳಗಿಳಿದರು. ಕಾಗೆ ಕೋಲಿಗೆ ಹೆದರಿ ದೂರದ ಗೋಡೆಯ ಮೇಲೆಯೇ ಕುಳಿತಿತ್ತು.

"ಕಾಗೆರಾಯರೇ, ದಯವಿಟ್ಟು ಬನ್ನಿ," ಎಂದು ಫಲಕವೇ ಕರೆಯಿತು. "ನಡುವಿನಿಂದ ಶುರುಮಾಡಿ. ನೆಂಟರಿದ್ದರೆ ಅವರನ್ನೂ ಕರೆತನ್ನಿ."