ಎಂಟನೆಯ ಟ್ಯಾಕ್ಸಿಯ ಸ್ಟೆಪ್ನಿ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಹೊಸ ಕಾರು ಕೊಂಡಿದ್ದೇನೆ. ಅದರಲ್ಲಿ ಸ್ಟೆಪ್ನಿ ಇಲ್ಲ. ತೂತು ಮುಚ್ಚುವ ಅಂಟಿನ ಬಾಟಲಿಯೊಂದನ್ನೂ ಗಾಳಿ ತುಂಬುವ ಸಣ್ಣ ಪಂಪನ್ನೂ ಕೊಟ್ಟಿದ್ದಾರೆ. ಅಷ್ಟೇ ಸಾಕಂತೆ. ನಮ್ಮ ತಂದೆ ಮಾತ್ರ ಸ್ಟೆಪ್ನಿ ಇಲ್ಲದ ಕಾರು ಹತ್ತುವುದಿಲ್ಲ ಎಂದು ಕೂತಿದ್ದಾರೆ. ಬೇರೆ ಒಂದು ಕೊಂಡು ಇಟ್ಟುಕೊಳ್ಳಲೇ, ಅಥವಾ ಅದು ಸುಮ್ಮನೆ ಭಾರವೇ?"

ಸ್ಟೆಪ್ನಿ ಎಂದರೆ ಕಾರಿನ ಐದನೆಯ ಚಕ್ರ. ನಾಲ್ಕು ಚಕ್ರಗಳು ನೆಲದ ಮೇಲೆ ಓಡುತ್ತವೆ. ಐದನೆಯದು ಡಿಕ್ಕಿಯಲ್ಲಿ ಮಲಗಿರುತ್ತದೆ. ಓಡುವವುಗಳಲ್ಲಿ ಒಂದು ಕೆಟ್ಟಾಗ ಆ ಜಾಗಕ್ಕೆ ಇದು ಬರುತ್ತದೆ. ಇದು ಎಲ್ಲರಿಗೂ ಗೊತ್ತಿರುವುದೇ. ಕತೆಗೆ ಬೇಕಾದ್ದರಿಂದ ಮತ್ತೆ ಹೇಳಿದೆ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮೂರಿನ ಬಸ್ ನಿಲ್ದಾಣದ ಎದುರು ಏಳು ಟ್ಯಾಕ್ಸಿಗಳು ನಿಲ್ಲುತ್ತಿದ್ದವು. ಏಳೂ ಒಂದೇ ಮಾದರಿಯವು. ಕರಿ ಮೈ, ಹಳದಿ ತಲೆ. ಹಾಗಾಗಿ ಒಂದರ ಚಕ್ರ ಇನ್ನೊಂದಕ್ಕೆ ಸರಿಯಾಗಿ ಕೂರುತ್ತಿತ್ತು. ಅಲ್ಲಿಂದ ಜಿಲ್ಲಾ ಕೇಂದ್ರಕ್ಕೆ ನಲವತ್ತು ಮೈಲಿ. ನಡುದಾರಿಯಲ್ಲಿ ಒಂದೇ ಒಂದು ಪಂಕ್ಚರ್ ಅಂಗಡಿ.

ಆ ಸ್ಟ್ಯಾಂಡಿನವರಲ್ಲಿ ಒಂದು ಪದ್ಧತಿ ಇತ್ತು. ತನ್ನ ಸ್ಟೆಪ್ನಿಯನ್ನೂ ಬಳಸಿ ಮುಗಿಸಿ ಯಾರಾದರೂ ದಾರಿಯಲ್ಲಿ ನಿಂತಿದ್ದರೆ, ಆ ದಾರಿಯಲ್ಲಿ ಬಂದವನು ತನ್ನ ಸ್ಟೆಪ್ನಿ ಕೊಡಬೇಕು. ಪಡೆದವನು ತನ್ನ ತೂತಾದ ಚಕ್ರಕ್ಕೆ ಅಂಗಡಿಯಲ್ಲಿ ಪ್ಯಾಚ್ ಹಾಕಿಸಿ ಅಲ್ಲೇ ಬಿಡಬೇಕು. ಕೊಟ್ಟವನು ಮುಂದಿನ ಸಲ ಆ ಕಡೆ ಹೋದಾಗ ಅದನ್ನು ಎತ್ತಿಕೊಳ್ಳಬೇಕು. ಕೊಟ್ಟ ಚಕ್ರವನ್ನೇ ಯಾರೂ ವಾಪಸು ಕೇಳುತ್ತಿರಲಿಲ್ಲ. ಒಂದು ಹೋಯಿತು, ಒಂದು ಬಂತು, ಅಷ್ಟೆ. ಹೀಗೆ ವರ್ಷಗಟ್ಟಲೆ ನಡೆದು, ಯಾರ ಡಿಕ್ಕಿಯಲ್ಲಿ ಯಾರ ಚಕ್ರವಿದೆ ಎಂಬುದೇ ಯಾರಿಗೂ ತಿಳಿಯದಾಯಿತು. "ನಮ್ಮದು ಎಲ್ಲಿದೆಯೋ, ಎಲ್ಲಿದ್ದರೂ ಚೆನ್ನಾಗಿರಲಿ" ಎಂದು ಮದುವೆ ಮಾಡಿ ಕೊಟ್ಟ ಮಗಳ ಬಗ್ಗೆ ಹೇಳುವಂತೆ ಹೇಳಿ ಚಾಲಕರು ನಗುತ್ತಿದ್ದರು.

ಎಂಟನೆಯವನಾಗಿ ಒಬ್ಬ ಹೊಸ ಚಾಲಕ ಬಂದ. ಕಾರು ಹಳೆಯದಾದರೂ ಐದೂ ಟೈರು ಹೊಸವು. ಮೊದಲ ತಿಂಗಳಲ್ಲೇ ಅವನು ತನ್ನ ಸ್ಟೆಪ್ನಿಯನ್ನು ಒಬ್ಬರಿಗೆ ಕೊಟ್ಟ. ಅದಕ್ಕೆ ಪ್ರತಿಯಾಗಿ ಬಂದ ಚಕ್ರ ಸವೆದು ಬೋಳಾಗಿತ್ತು. ಅವನಿಗೆ ಸಿಟ್ಟು ಬಂತು. ಎಲ್ಲರಿಗಿಂತ ಹಿರಿಯನಾದ ಚಾಲಕನಿಗೆ ಹೇಳಿದ: "ಅಣ್ಣ, ನಾನು ಕೊಟ್ಟದ್ದು ಹೊಸದು, ಬಂದದ್ದು ಬೋಳು. ಇನ್ನು ನಿಮ್ಮದು ನಿಮಗೆ, ನನ್ನದು ನನಗೆ."

ಹಿರಿಯ ಚಾಲಕನ ತಲೆಯಲ್ಲಿ ಕೂದಲಿರಲಿಲ್ಲ. ತಲೆ ಸವರಿಕೊಂಡು ಹೇಳಿದ: "ಬೋಳಾದರೂ ಓಡುತ್ತದಪ್ಪ. ನನ್ನನ್ನೇ ನೋಡು."

ಹೊಸಬ ನಗಲಿಲ್ಲ. ಮತ್ತೊಂದು ಹೊಸ ಟೈರು ಹಾಕಿಸಿ, ಸ್ಟೆಪ್ನಿಗೆ ಸರಪಳಿ ಸುತ್ತಿ ಬೀಗ ಹಾಕಿದ. ಒಮ್ಮೆ ಆ ಹಿರಿಯನೇ ದಾರಿಯಲ್ಲಿ ನಿಂತಿದ್ದಾಗ ಹಾರ್ನ್ ಹಾಕಿ ಮುಂದೆ ಹೋದ. ಅವನನ್ನು ಕೆಟ್ಟವನೆನ್ನಬೇಡ. ಅವನು ತಾನೂ ಯಾರಲ್ಲಿಯೂ ಕೇಳುತ್ತಿರಲಿಲ್ಲ. ಅವನ ಲೆಕ್ಕ ಅವನಿಗೆ ಸರಿಯಾಗಿಯೇ ಇತ್ತು.

ಒಂದು ಬೆಳಿಗ್ಗೆ ಸುದ್ದಿ ಬಂತು. ಜಿಲ್ಲಾ ಕೇಂದ್ರದಲ್ಲಿದ್ದ ಅವನ ದೊಡ್ಡಮ್ಮ, ಅಂದರೆ ತಾಯಿಯ ಅಕ್ಕ, ಇವತ್ತೋ ನಾಳೆಯೋ ಎನ್ನುವಂತಿದ್ದಾಳೆ ಎಂದು. ತಾಯಿಯಿಲ್ಲದ ತಂಗಿಯನ್ನು ಎತ್ತಿ ಬೆಳೆಸಿದವಳು ಆ ಅಕ್ಕನೇ. ಅಕ್ಕನ ಬಾಯಿಗೆ ಕೊನೆಯ ನೀರು ತಾನೇ ಬಿಡಬೇಕೆಂಬುದು ತಂಗಿಯ ಆಸೆ. ಅವನು ತಾಯಿಯನ್ನು ಕೂರಿಸಿಕೊಂಡು ಹೊರಟ. ತಾಯಿ ತುಳಸಿ ನೀರಿನ ಸಣ್ಣ ಗಿಂಡಿಯನ್ನು ಚೆಲ್ಲದಂತೆ ಮಡಿಲಲ್ಲಿ ಹಿಡಿದಿದ್ದಳು.

ರಸ್ತೆಗೆ ಹೊಸದಾಗಿ ಜಲ್ಲಿ ಹರಡಿದ್ದರು. ಹತ್ತನೆಯ ಮೈಲಿಯಲ್ಲಿ ಒಂದು ಚಕ್ರ ಹೋಯಿತು. ಬೀಗ ತೆಗೆದು ತನ್ನ ಸ್ಟೆಪ್ನಿ ಹಾಕಿದ. ಹದಿನೈದನೆಯ ಮೈಲಿಯಲ್ಲಿ ಇನ್ನೊಂದು ಹೋಯಿತು. ಪಂಕ್ಚರ್ ಅಂಗಡಿ ಇನ್ನೂ ಐದು ಮೈಲಿ ಮುಂದಿತ್ತು.

"ಇನ್ನೂ ಎಷ್ಟು ದೂರ ಮಗಾ?" ಎಂದು ತಾಯಿ ಕೇಳಿದಳು. ಅವನು ಕೆಳಗಿಳಿದು ರಸ್ತೆಯ ಎರಡೂ ಕಡೆ ನೋಡಿದ.

ಎದುರಿನಿಂದ ಒಂದು ಟ್ಯಾಕ್ಸಿ ಬಂತು. ಅದು ಹಿರಿಯ ಚಾಲಕನದು. ಒಬ್ಬ ವ್ಯಾಪಾರಿಯನ್ನು ರೈಲಿಗೆ ಬಿಡಲು ನಮ್ಮೂರಿನ ಕಡೆ ಹೊರಟಿದ್ದ. ಟ್ಯಾಕ್ಸಿ ನಿಲ್ಲಿಸಿ, ಏನೂ ಕೇಳದೆ, ಡಿಕ್ಕಿ ತೆರೆದು ಚಕ್ರ ಇಳಿಸಿದ.

ವ್ಯಾಪಾರಿ ಕಿಟಕಿಯಿಂದ ತಲೆ ಹಾಕಿದ: "ಅಲ್ಲಯ್ಯಾ, ಮುಂದೆ ನಮ್ಮದೇ ಹೋದರೆ?"

"ಹೋದರೆ ನಿಲ್ಲೋಣ ಸಾಹುಕಾರ್ರೇ. ಯಾರಾದರೂ ಬರುತ್ತಾರೆ."

ಹೊಸ ಚಾಲಕ ತಲೆ ತಗ್ಗಿಸಿ ಹೇಳಿದ: "ಅಣ್ಣ, ಅವತ್ತು ನಾನು ನಿಲ್ಲಿಸಲಿಲ್ಲ."

"ಅದನ್ನು ಆಮೇಲೆ ಮಾತಾಡೋಣ. ಜಾಕಿ ಹಿಡಿ."

ಆಮೇಲೆ ಅವರು ಅದನ್ನು ಎಂದೂ ಮಾತಾಡಲಿಲ್ಲ.

ತಾಯಿ ಮಧ್ಯಾಹ್ನದ ಹೊತ್ತಿಗೆ ಅಕ್ಕನನ್ನು ತಲುಪಿದಳು. ಅಕ್ಕ ಕಣ್ಣು ಬಿಟ್ಟು ತಂಗಿಯನ್ನು ಗುರುತಿಸಿದಳು. ಎರಡು ಚಮಚ ನೀರು ಒಳಗೆ ಹೋಯಿತು. ಮೂರನೆಯದು ತುಟಿಯ ಅಂಚಿನಿಂದ ಇಳಿಯಿತು.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಆ ಸ್ಟ್ಯಾಂಡು ಈಗಿಲ್ಲ ಎಂದರು. ಸಂಜೆ ಶಾಲೆ ಬಿಟ್ಟಾಗ ಆ ಎಂಟು ಹಳದಿ ತಲೆಗಳನ್ನು ಸಾಲಾಗಿ ನೋಡುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ ಎಂದರು. ಅವರು ಇಂಥದನ್ನು ಹೇಳುವುದು ಅಪರೂಪ. ಅದಕ್ಕೇ ಬರೆದೆ.

ಶಿಷ್ಯನಿಗೆ ಕತೆ ಹಿಡಿಸಿತು. ಆದರೂ ಒಂದು ಸಂದೇಹ ಉಳಿದಿತ್ತು. "ಗುರುಗಳೇ, ಆಗ ಎಲ್ಲ ಟ್ಯಾಕ್ಸಿಗಳ ಚಕ್ರವೂ ಒಂದೇ ಅಳತೆ. ಈಗ ಒಂದೊಂದು ಕಾರಿನದು ಒಂದೊಂದು. ನಾನು ಸ್ಟೆಪ್ನಿ ಇಟ್ಟುಕೊಂಡರೂ ದಾರಿಯಲ್ಲಿ ನಿಂತವರ ಕಾರಿಗೆ ಅದು ಕೂರುವುದಿಲ್ಲವಲ್ಲ?"

ಗುರುಗಳು ಕೇಳಿದರು: "ಕೂರುತ್ತದೋ ಇಲ್ಲವೋ ಎಂದು ಎಷ್ಟು ಸಲ ಕಾರು ನಿಲ್ಲಿಸಿ ನೋಡಿದ್ದೀಯ?"