ಪಂಡಿತರ ಕೊರಳಲ್ಲಿದ್ದ ಉತ್ತರ

ಆಸ್ಥಾನದ ಗಣಿತ ಪಂಡಿತರು ದಿನಾ ಹೂಮಾಲೆಗೆ ಕಾಯುತ್ತ 1,42,857ನ್ನು ಗಟ್ಟಿಯಾಗಿ ಗುಣಿಸುತ್ತಿದ್ದರು. ಎರಡರಿಂದ 2,85,714. ಮೂರರಿಂದ 4,28,571.

ಒಂದು ದಿನ ಹೂ ಕಟ್ಟುವ ಮುದುಕಿ ತಡವಾಗಿ ಬಂದಳು. ಪಂಡಿತರು ಕೆಂಡವಾದರು. "ನಾಲ್ಕರಿಂದ ಗುಣಿಸು! ನನ್ನ ಎಲೆಯಡಿಕೆ ಮುಗಿಯೋದರೊಳಗೆ ಹೇಳದಿದ್ದರೆ ಈ ಕೆಲಸ ಬೇರೆಯವಳಿಗೆ."

"ಮೊದಲು ಮಾಲೆ ಹಾಕ್ಕೊಳ್ಳಿ ಬುದ್ಧಿ. ಒಂಚೂರು ತಿರುಗಿಸಿ. ಮುಂದಿನ ಹೂ ಬದಲಾಯ್ತು, ಹೂಗಳ ಸಾಲು ಅದೇ ಇದೆ. ನಿಮ್ಮ ಅಂಕಿಗಳೂ ಹಾಗೇ. ಮೊದಲು ಒಂದು ಮುಂದಿತ್ತು, ಆಮೇಲೆ ಎರಡು, ಆಮೇಲೆ ನಾಲ್ಕು. ಅದಕ್ಕಿಂತ ದೊಡ್ಡದು ಐದು, ಈಗ ಅದರ ಸರದಿ. ಐದು ಲಕ್ಷದ ಎಪ್ಪತ್ತೊಂದು ಸಾವಿರದ ನಾನೂರ ಇಪ್ಪತ್ತೆಂಟು."

ಪಂಡಿತರು ಗುಣಿಸಿ ನೋಡಿದರು. ಸರಿಯಾಗಿತ್ತು. ಅಗಿಯುತ್ತಿದ್ದ ಬಾಯಿ ನಿಂತೇಹೋಯಿತು.

"ಹನ್ನೆರಡು ವರ್ಷದಿಂದ ನನ್ನ ಕೊರಳಲ್ಲೇ ಇತ್ತಲ್ಲ ತಾಯಿ!" ಎಂದರು. "ನಾಳೆಯೂ ತಡವಾಗಿಯೇ ಬಾ. ಐದರ ಲೆಕ್ಕ ಬಾಕಿ ಇದೆ."